ಸಾಲದ ಅರ್ಜಿಯಲ್ಲಿದ್ದ ಹಕ್ಕಿ

ಹಾಸನದ ಹೋಟೆಲೊಂದರ ಮುಂದೆ ‘ಗೌಜಲಕ್ಕಿ ಫ್ರೈ ಸಿಗುತ್ತದೆ’ ಎಂಬ ಬೋರ್ಡಿತ್ತು. ಏಳನೇ ತರಗತಿಯ ನನ್ನ ಮೊಮ್ಮಗಳು ಅದನ್ನು ಓದಿ, “ತಾತ, ಕಾಡುಹಕ್ಕಿ ಹಿಡಿದರೆ ಜೈಲು ಅಂತ ನಮ್ಮ ಮೇಷ್ಟ್ರು ಹೇಳಿದ್ರು. ಮತ್ತೆ ಇವರನ್ನು ಯಾಕೆ ಹಿಡಿಯಲ್ಲ?” ಎಂದಳು.

ಮಕ್ಕಳೇ, ಇದೇ ಪ್ರಶ್ನೆ ಒಮ್ಮೆ ದಿಲ್ಲಿಯವರೆಗೆ ಹೋಗಿತ್ತು. ಅದರ ಬಿಸಿ ನಮ್ಮ ಬ್ಯಾಂಕಿನ ಕೌಂಟರಿಗೂ ತಟ್ಟಿತ್ತು.

ನನ್ನೂರು ಹೊಳೆನರಸೀಪುರದ ಹತ್ತಿರ. ರಾಗಿ ಕುಯ್ದ ಹೊಲದಲ್ಲಿ ನಡೆದರೆ ಕಾಲಡಿಯಿಂದಲೇ ‘ಬುರ್’ ಎಂದು ಲಾವಕ್ಕಿ ಹಾರುತ್ತಿತ್ತು. ಹುಡುಗರಾಗಿದ್ದಾಗ ಉರುಳು ಒಡ್ಡಿ ನಾವೂ ಹಿಡಿದಿದ್ದೇವೆ, ಸುಳ್ಳು ಹೇಳುವುದಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನವಿಲು ಮೊದಲನೇ ಪಟ್ಟಿಗೆ ಸೇರಿತು, ಲಾವಕ್ಕಿ ನಾಲ್ಕನೆಯದಕ್ಕೆ.

ಲಾವಕ್ಕಿಗೆ ಜಪಾನಿನಲ್ಲಿ ಒಬ್ಬ ದಾಯಾದಿ ಇದ್ದಾನೆ. ಅಲ್ಲಿಯವರು ಅದನ್ನು ನೂರಾರು ವರ್ಷಗಳಿಂದ ಸಾಕಿದ್ದಾರೆ. 1974ರಲ್ಲಿ ಆ ಸಾಕುತಳಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂತು. ಆರೇಳು ವಾರಕ್ಕೇ ಮೊಟ್ಟೆ ಇಡುತ್ತದೆ. ಹದಿನೇಳು ಹದಿನೆಂಟು ದಿನಕ್ಕೆ ಮರಿಯಾಗುತ್ತದೆ. ಆದರೆ ಕಾವು ಕೂರುವುದನ್ನೇ ಹೆಚ್ಚುಕಡಿಮೆ ಮರೆತಿದೆ, ಅದಕ್ಕೆ ಯಂತ್ರ ಬೇಕು. ನಮ್ಮ ಕಡೆ ಇದನ್ನೂ ಗೌಜಲಕ್ಕಿ ಎಂದೇ ಕರೆದು ಮಾರುತ್ತಾರೆ.

2011ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಪತ್ರ ಹೊರಡಿಸಿತು. ಜಪಾನ್ ಲಾವಕ್ಕಿಯೂ ಕಾಯ್ದೆಯ ಪಟ್ಟಿಯೊಳಗೇ ಬರುತ್ತದೆ, ಅದನ್ನು ಸಾಕಲು ಹೊಸ ಲೈಸೆನ್ಸ್ ಕೊಡಕೂಡದು, ಇರುವ ಫಾರಂ ದೊಡ್ಡದು ಮಾಡಕೂಡದು ಎಂದು.

ಆಗ ನಾನು ಅರಕಲಗೂಡು ಕಡೆಯ ಶಾಖೆಯೊಂದರಲ್ಲಿದ್ದೆ. ಹೊಗೆಸೊಪ್ಪು ಬಿಟ್ಟು ಹಕ್ಕಿ ಸಾಕಬೇಕೆಂದು ಒಬ್ಬ ಯುವಕ ಹೆಂಡತಿಯ ಸರ ಅಡವಿಟ್ಟು ಶೆಡ್ಡು ಎಬ್ಬಿಸಿದ್ದ. ಲೈಸೆನ್ಸ್ ಇಲ್ಲದೆ ಸಾಲವಿಲ್ಲ. ಅವನ ಅರ್ಜಿಯ ಮೇಲೆ ‘ವಾಪಸ್’ ಎಂದು ಬರೆದವನು ನಾನೇ. “ಸಾರ್, ಇದು ಗೂಡಲ್ಲೇ ಹುಟ್ಟಿ ಗೂಡಲ್ಲೇ ಬೆಳೆಯೋ ಹಕ್ಕಿ. ಇದರ ಕಾಡು ಎಲ್ಲಿದೆ, ತೋರಿಸಿ” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಹಾಗೆಂದು ಸರ್ಕಾರದ ಮಾತು ಪೂರ್ತಿ ತಪ್ಪಲ್ಲ. ಜಪಾನ್ ಲಾವಕ್ಕಿಯ ಕಾಡುಸಂತತಿ ಚಳಿಗಾಲದಲ್ಲಿ ನಮ್ಮ ಈಶಾನ್ಯ ರಾಜ್ಯಗಳಿಗೆ ಬರುತ್ತದೆ. ಪುಕ್ಕ ಕಿತ್ತು ಕರಿದ ಮೇಲೆ ಯಾವುದು ಹೊಲದ್ದು, ಯಾವುದು ಫಾರಂದು ಎಂದು ಹೇಳುವವರಾರು? ಸಾಕುಹಕ್ಕಿಯ ಹೆಸರಿನಲ್ಲಿ ಕಾಡುಹಕ್ಕಿ ಬಿಕರಿಯಾಗಬಹುದು. ಇತ್ತ ಸಾಕಣೆದಾರರ ವಾದವೂ ನ್ಯಾಯವೇ ಆಗಿತ್ತು. ಕೊನೆಗೆ 2013ರಲ್ಲಿ, ಸಾಕಿದ ಜಪಾನ್ ಲಾವಕ್ಕಿಗೆ ಈ ನಿರ್ಬಂಧ ಬೇಡವೆಂದು ಸಚಿವಾಲಯವೇ ತೀರ್ಮಾನಿಸಿತು. ಅಷ್ಟರಲ್ಲಿ ಆ ಯುವಕ ಶೆಡ್ಡಿನಲ್ಲಿ ಹಸು ಕಟ್ಟಿದ್ದ.

ಇಂಥ ಜಗಳ ನಮ್ಮಲ್ಲಿ ಮಾತ್ರವಲ್ಲ. ಚಿತ್ರಪುಸ್ತಕದ ಬಿಳಿ ಹಂಸವಿದೆಯಲ್ಲ, ಅದು ಯುರೋಪಿನಿಂದ ಅಮೆರಿಕಕ್ಕೆ ಹೋದ ಹಕ್ಕಿ. ಅದಕ್ಕೂ ಕಾನೂನಿನ ರಕ್ಷಣೆ ಇದೆ ಎಂದು 2001ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. 2004ರಲ್ಲಿ ಸಂಸತ್ತು ಕಾನೂನನ್ನೇ ತಿದ್ದಿ, ಹೊರಗಿನಿಂದ ತಂದ ಹಕ್ಕಿಗಳಿಗೆ ಆ ರಕ್ಷಣೆ ಇಲ್ಲ ಎಂದಿತು.

ನಮ್ಮ ಕಾಗೆಯ ಕತೆ ಕೇಳಿ. ತಿಥಿಯ ದಿನ ಅದು ಅನ್ನ ಮುಟ್ಟಲೆಂದು ಕಾದು ನಿಲ್ಲುತ್ತೇವೆ. ಕಾಯ್ದೆಯಲ್ಲಿ ಮಾತ್ರ ಅದು ಇಲಿ, ಹೆಗ್ಗಣಗಳ ಜೊತೆ ಉಪದ್ರವಿಗಳ ಐದನೇ ಪಟ್ಟಿಯಲ್ಲಿತ್ತು! 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆ ಪಟ್ಟಿಯೇ ಹೋಯಿತು.

ಮೊಮ್ಮಗಳು ಸುಮ್ಮನಿರಲಿಲ್ಲ. ಒಳಗೆ ಹೋಗಿ ಹೋಟೆಲಿನವರನ್ನೇ ಕೇಳಿದಳು. “ಚನ್ನರಾಯಪಟ್ಟಣದ ಕಡೆ ಫಾರಂನಿಂದ ತರಿಸ್ತೀವಿ ಪುಟ್ಟಿ” ಎಂದು ಅವರು ಬಿಲ್ಲು ತೋರಿಸಿದರು. ಹೀಗೆ ಕೇಳುವುದನ್ನು ನೀವೂ ಕಲಿಯಿರಿ. ಹೊಲದ ಹಕ್ಕಿಯನ್ನು ಯಾರಾದರೂ ಮಾರುವುದು ಕಂಡರೆ ದೊಡ್ಡವರಿಗೆ ಹೇಳಿ, ಅರಣ್ಯ ಇಲಾಖೆಗೆ ತಿಳಿಸಿ.

ಕಳೆದ ಮಾಗಿಯಲ್ಲಿ ಅವಳನ್ನು ಊರಿನ ಹೊಲಕ್ಕೆ ಕರೆದೊಯ್ದಿದ್ದೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಹಿಂತಿರುಗುವಾಗ ಬದುವಿನ ಬಳಿ ಒಂದೇ ಒಂದು ‘ಬುರ್’ ಎಂದಿತು. ಅವಳು ಬೆಚ್ಚಿ ನನ್ನ ಕೈ ಹಿಡಿದಳು. ಉರುಳು ಒಡ್ಡಿದ ಕೈ ಅದೇ.