ಎಂಟು ಜನರ ಸ್ಟ್ಯೂ, ಒಬ್ಬನ ಪಾತ್ರೆ

ಎಂಟು ಜನರಿಗಾಗಿ ಬರೆದಿಟ್ಟ ಅಡಿಗೆಯನ್ನು ಒಬ್ಬನಿಗಷ್ಟೇ ಮಾಡಬೇಕಾದರೆ ಏನು ಮಾಡಬೇಕು? ಪ್ರತಿಯೊಂದು ಪದಾರ್ಥವನ್ನೂ ಎಂಟರಿಂದ ಭಾಗಿಸಿದರಾಯಿತು ಎಂದು ಅಂಕಗಣಿತವನ್ನು ಬಲ್ಲ ಯಾರಾದರೂ ಹೇಳಿಯಾರು. ಊರು ಬಿಟ್ಟು ಬಂದು, ಬಾಡಿಗೆಯ ಕೋಣೆಯಲ್ಲಿ ಒಂದೇ ಒಲೆಯನ್ನಿಟ್ಟುಕೊಂಡು ಓದುತ್ತಿರುವ ವಿದ್ಯಾರ್ಥಿ ಅನುಸರಿಸುವುದೂ ಇದೇ ಉಪಾಯವನ್ನು. ಆದರೆ ಒಮ್ಮೆ ಪಾತ್ರೆಯ ತಳ ಹತ್ತುತ್ತದೆ. ಮತ್ತೊಮ್ಮೆ ಕಾಳು ಬೇಯದೆ ಉಳಿಯುತ್ತದೆ. ಇದರಿಂದ ಬೇಸತ್ತು ಎಂಟು ಪಾಲನ್ನೂ ಒಮ್ಮೆಗೇ ಬೇಯಿಸಿ ಮೂರು ದಿನ ಉಂಡರಾಯಿತೆಂದು ಹೊರಟರೆ ಹೊಟ್ಟೆ ಕೆಡುವ ಅಪಾಯವುಂಟು. ಭಾಗಾಕಾರದಲ್ಲಿ ತಪ್ಪಿಲ್ಲ. ಭಾಗಿಸಬಾರದುದನ್ನು ಭಾಗಿಸಿದುದೇ ತಪ್ಪು. ಈ ಮಾತನ್ನು ಒಂದು ನಿಜವಾದ ಅಡಿಗೆಯ ಮೂಲಕವೇ ಪರೀಕ್ಷಿಸಿ ನೋಡೋಣ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ‘ಬ್ರನ್ಸ್‌ವಿಕ್ ಸ್ಟ್ಯೂ’ ಎಂಬ ಖಾದ್ಯವು ಬಹು ಪ್ರಸಿದ್ಧವಾದುದು. ಮಾಂಸವನ್ನೂ ಕಾಳು ತರಕಾರಿಗಳನ್ನೂ ಒಂದೇ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿ, ನಮ್ಮ ಕೂಟಿನ ಹದಕ್ಕೆ ಗಟ್ಟಿಯಾಗಿ ಇಳಿಸುವ ಅಡಿಗೆ ಇದು. ಇದರ ತವರು ತಮ್ಮದೆಂದು ವರ್ಜೀನಿಯದ ಬ್ರನ್ಸ್‌ವಿಕ್ ಕೌಂಟಿಯವರೂ ಜಾರ್ಜಿಯದ ಬ್ರನ್ಸ್‌ವಿಕ್ ಪಟ್ಟಣದವರೂ ವಾದಿಸುತ್ತಾರೆ. 1828ರಲ್ಲಿ ಕ್ರೀಡ್ ಹ್ಯಾಸ್ಕಿನ್ಸ್ ಎಂಬ ವೈದ್ಯನ ಬೇಟೆಯ ಬಿಡಾರದಲ್ಲಿ, ಗುಲಾಮನಾಗಿದ್ದ ಜಿಮ್ಮಿ ಮ್ಯಾಥ್ಯೂಸ್ ಎಂಬ ಅಡಿಗೆಯವನು ಅಳಿಲಿನ ಮಾಂಸ, ಈರುಳ್ಳಿ, ಬೆಣ್ಣೆ ಮತ್ತು ಹಳಸಿದ ಬ್ರೆಡ್ಡುಗಳಿಂದ ಇದನ್ನು ಮೊದಲು ಮಾಡಿದನೆಂಬುದು ವರ್ಜೀನಿಯದವರ ಐತಿಹ್ಯ. ಜಾರ್ಜಿಯದವರಾದರೋ ಒಂದು ಹಳೆಯ ಕಬ್ಬಿಣದ ಹಂಡೆಯನ್ನು ಕಟ್ಟೆಯ ಮೇಲಿಟ್ಟು, 1898ರ ಜುಲೈ 2ರಂದು ಈ ಹಂಡೆಯಲ್ಲಿಯೇ ಮೊದಲನೆಯ ಸ್ಟ್ಯೂ ಬೆಂದಿತೆಂದು ಬರೆದಿಟ್ಟಿದ್ದಾರೆ. ಈ ವ್ಯಾಜ್ಯವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಇಂದು ಅಳಿಲಿನ ಬದಲು ಕೋಳಿಯನ್ನು ಹಾಕುವುದೇ ಹೆಚ್ಚು. ಅದರೊಡನೆ ಮುಸುಕಿನ ಜೋಳ, ಆಲೂಗಡ್ಡೆ, ಟೊಮ್ಯಾಟೊ, ಈರುಳ್ಳಿ ಮತ್ತು ಲೈಮಾ ಎಂಬ ಅಗಲವಾದ ಕಾಳು ಸೇರುತ್ತವೆ. ಈ ಲೈಮಾ ಕಾಳು ನಮಗೆ ಅಪರಿಚಿತವೇನಲ್ಲ; ನಮ್ಮ ಅಂಗಡಿಗಳಲ್ಲಿ ‘ಡಬಲ್ ಬೀನ್ಸ್’ ಎಂಬ ಹೆಸರಿನಿಂದ ದೊರೆಯುವುದು ಅದೇ.

ಈ ಸ್ಟ್ಯೂ ಹುಟ್ಟಾ ಸಮುದಾಯದ ಅಡಿಗೆ. ಹಬ್ಬಗಳಲ್ಲಿಯೂ ಚರ್ಚಿನ ಕೂಟಗಳಲ್ಲಿಯೂ ದೊಡ್ಡ ಹಂಡೆಗಳಲ್ಲಿ ಗಂಟೆಗಟ್ಟಲೆ ಕುದಿಸಿ, ದೋಣಿಯ ಹುಟ್ಟಿನಂತಹ ಮರದ ಹಲಗೆಯಿಂದ ತಿರುವುತ್ತಾರೆ. ಆ ಹಲಗೆ ತಾನಾಗಿ ನೆಟ್ಟಗೆ ನಿಂತರೆ ಹದ ಬಂದಂತೆ ಎಂದು ಹೇಳುವುದುಂಟು. ಇಂತಹ ಅಡಿಗೆಯನ್ನು ಒಬ್ಬನ ಪಾತ್ರೆಗೆ ಇಳಿಸುವಾಗ ಏನಾಗುತ್ತದೆಂಬುದೇ ನಮ್ಮ ಪ್ರಶ್ನೆ.

ಮೊದಲು ಎರಡು ಪಾತ್ರೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು 20 ಸೆಂ.ಮೀ. ಅಗಲದ್ದು, ಅದರಲ್ಲಿ 20 ಸೆಂ.ಮೀ. ಆಳಕ್ಕೆ ಸ್ಟ್ಯೂ ತುಂಬಿದೆ. ಇನ್ನೊಂದು 10 ಸೆಂ.ಮೀ. ಅಗಲದ್ದು, ಅದರಲ್ಲಿ ಆಳವೂ 10 ಸೆಂ.ಮೀ. ದೊಡ್ಡದರ ಘನಫಲ ಸುಮಾರು 6,280 ಘನ ಸೆಂ.ಮೀ., ಚಿಕ್ಕದರದು 785. ಅಂದರೆ ಸರಿಯಾಗಿ ಎಂಟರಲ್ಲಿ ಒಂದು ಪಾಲು. ಆದರೆ ಆವಿ ಹೊರಡುವ ಮೇಲ್ಮೈಯನ್ನು ನೋಡಿರಿ: ದೊಡ್ಡದರಲ್ಲಿ 314 ಚದರ ಸೆಂ.ಮೀ., ಚಿಕ್ಕದರಲ್ಲಿ 78.5. ಇದು ನಾಲ್ಕರಲ್ಲಿ ಒಂದು ಪಾಲೇ ಹೊರತು ಎಂಟರಲ್ಲಿ ಒಂದಲ್ಲ! ಉದ್ದ ಅಗಲಗಳು ಅರ್ಧವಾದಾಗ ಕ್ಷೇತ್ರಫಲವು ನಾಲ್ಕನೆಯ ಒಂದಕ್ಕೂ ಘನಫಲವು ಎಂಟನೆಯ ಒಂದಕ್ಕೂ ಇಳಿಯುವ ಈ ನಿಯಮದ ಮಹತ್ವವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎತ್ತಿ ತೋರಿಸಿದನು. ದೊಡ್ಡ ಪ್ರಾಣಿಗಳ ಎಲುಬು ಏಕೆ ದಪ್ಪವಾಗಿರಬೇಕೆಂಬುದನ್ನು ಆತನು ಇದರಿಂದಲೇ ವಿವರಿಸಿದನು. ಅದೇ ನಿಯಮ ನಮ್ಮ ಒಲೆಯ ಮೇಲೂ ನಡೆಯುತ್ತದೆ.

ಎಂಟು ಪಾಲಿಗೆ 2,400 ಮಿ.ಲೀ. ನೀರು ಹಾಕಿದೆವೆನ್ನೋಣ. ಸಣ್ಣ ಕುದಿಯಲ್ಲಿ ಬೇಯುವಷ್ಟರಲ್ಲಿ ಅದರಲ್ಲಿ 800 ಮಿ.ಲೀ. ಆವಿಯಾಗಿ ಹೋಗುತ್ತದೆಂದು ಇಟ್ಟುಕೊಳ್ಳಿರಿ. ತಲೆಗೆ 100 ಮಿ.ಲೀ. ಆಯಿತು. ಈಗ ಒಬ್ಬನಿಗಾಗಿ ಎಂಟರಿಂದ ಭಾಗಿಸಿ 300 ಮಿ.ಲೀ. ನೀರು ಹಾಕಿದರೆ, ಅಷ್ಟೇ ಹೊತ್ತಿನಲ್ಲಿ ಚಿಕ್ಕ ಪಾತ್ರೆಯಿಂದ ಹೋಗುವುದು 800ರ ನಾಲ್ಕನೆಯ ಒಂದು ಭಾಗ, ಎಂದರೆ 200 ಮಿ.ಲೀ. ಉಳಿಯಬೇಕಾದುದು 200, ಉಳಿಯುವುದು 100 ಮಾತ್ರ. ಚಿಕ್ಕ ಪಾತ್ರೆಯಿಲ್ಲವೆಂದು ಒಬ್ಬನ ಪಾಲನ್ನು ದೊಡ್ಡ ಪಾತ್ರೆಯಲ್ಲಿಯೇ ಬೇಯಿಸಹೊರಟರಂತೂ ಸ್ಟ್ಯೂ ಬರಿಯ ಎರಡೂವರೆ ಸೆಂ.ಮೀ. ಆಳಕ್ಕೆ ಹರಡಿಕೊಳ್ಳುತ್ತದೆ. ಮೇಲ್ಮೈ ಮೊದಲಿನಷ್ಟೇ ಇರುವುದರಿಂದ ಹಾಕಿದ ನೀರೆಲ್ಲವೂ ಅರ್ಧ ದಾರಿಯಲ್ಲಿಯೇ ಮುಗಿದುಹೋಗಿ ತಳ ಹತ್ತುತ್ತದೆ. ತಪ್ಪು ಅಡಿಗೆಯವನ ಕೈಯದಲ್ಲ, ಪಾತ್ರೆಯ ಆಕಾರದ್ದು. ಆದುದರಿಂದ ಪಾಲಿಗೆ ತಕ್ಕ ಪುಟ್ಟ ಪಾತ್ರೆ, ಅದಕ್ಕೆ ಸರಿಯಾಗಿ ಕೂಡುವ ಮುಚ್ಚಳ, ಭಾಗಿಸಿ ಬಂದುದಕ್ಕಿಂತ ಸ್ವಲ್ಪ ಹೆಚ್ಚಿನ ನೀರು, ಈ ಮೂರೂ ಅಗತ್ಯ.

ಹಾಗಾದರೆ ಉರಿಯನ್ನು ದೊಡ್ಡದು ಮಾಡಿ ಬೇಗನೆ ಮುಗಿಸಬಾರದೇ? ಬಾರದು. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಉಷ್ಣತೆ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ವೆಚ್ಚವಾಗುತ್ತದೆ. ಒಂದು ಕಿಲೋಗ್ರಾಂ ನೀರನ್ನು 25ರಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ಸುಮಾರು 314 ಕಿಲೋಜೂಲ್ ಸಾಕು; ಅದನ್ನು ಪೂರ್ತಿಯಾಗಿ ಆವಿ ಮಾಡಲು ಸುಮಾರು 2,257 ಕಿಲೋಜೂಲ್ ಬೇಕು. ಸಣ್ಣ ಕುದಿಯೂ ಕೊತಕೊತನೆ ಕುದಿಯುವ ನೀರೂ ಹೆಚ್ಚು ಕಡಮೆ ಒಂದೇ ಬಿಸಿ. ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಲ್ಲಿ ಅದು 100 ಡಿಗ್ರಿಯಾದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿ. ಬೆಂಗಳೂರಿನವರು ಇನ್ನೂ ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೆ.

ಇನ್ನು ಬೇಯುವ ಕಾಲವನ್ನು ಎಂಟರಿಂದ ಭಾಗಿಸಬಹುದೇ? ಹಸಿದ ವಿದ್ಯಾರ್ಥಿಗೆ ಇದೇ ದೊಡ್ಡ ಆಸೆ! ಆದರೆ ಆಲೂಗಡ್ಡೆಯ ಹೋಳಿಗೆ ತನ್ನ ಸುತ್ತ ಎಷ್ಟು ಹೋಳುಗಳಿವೆ ಎಂಬುದು ತಿಳಿಯದು. ಶಾಖವು ಅದರ ಹೊರಮೈಯಿಂದ ನಡುವಿಗೆ ಸಾಗಬೇಕು. ಅದಕ್ಕೆ ಹಿಡಿಯುವ ಕಾಲ ಹೋಳಿನ ದಪ್ಪದ ವರ್ಗವನ್ನು ಅನುಸರಿಸುತ್ತದೆ. 2 ಸೆಂ.ಮೀ. ಹೋಳಿನ ನಡುವಿಗೆ ಶಾಖ ಮುಟ್ಟಲು 1 ಸೆಂ.ಮೀ. ಹೋಳಿಗಿಂತ ನಾಲ್ಕು ಪಟ್ಟು ಹೊತ್ತು ಬೇಕು. ಕಾಲವನ್ನು ಉಳಿಸಬೇಕಾದರೆ ತರಕಾರಿಯನ್ನು ಚಿಕ್ಕದಾಗಿ ಹೆಚ್ಚಬೇಕು. ಪಾಲನ್ನು ಕಡಮೆ ಮಾಡಿದುದರಿಂದ ಏನೂ ಉಳಿಯದು.

ಮಾಂಸದ ವಿಷಯದಲ್ಲಿ ಶಾಖ ಮುಟ್ಟಿದರಷ್ಟೇ ಸಾಲದು. ಮಾಂಸದ ಎಳೆಗಳನ್ನು ಕಟ್ಟಿ ಹಿಡಿದಿರುವ ಕೊಲಾಜೆನ್ ಎಂಬ ಗಡುಸಾದ ಸಸಾರಜನಕವು ಬಿಸಿನೀರಿನಲ್ಲಿ ಮೆಲ್ಲಮೆಲ್ಲನೆ ಜೆಲಟಿನ್ ಆಗಿ ಕರಗುತ್ತದೆ. ಸ್ಟ್ಯೂವಿಗೆ ತುಟಿಗೆ ಅಂಟುವ ಸಾಂದ್ರತೆ ಬರುವುದು ಒಂದಿಷ್ಟು ಇದರಿಂದ, ಇನ್ನೊಂದಿಷ್ಟು ಆಲೂಗಡ್ಡೆ ಜೋಳಗಳ ಪಿಷ್ಟದಿಂದ. ಈ ರಾಸಾಯನಿಕ ಕ್ರಿಯೆ ತನ್ನ ಕಾಲವನ್ನು ತೆಗೆದುಕೊಂಡೇ ತೀರುತ್ತದೆ. ಹೆಚ್ಚು ಓಡಾಡಿದ ಅಂಗಗಳಲ್ಲಿ ಕೊಲಾಜೆನ್ ಹೆಚ್ಚು. ಆದುದರಿಂದ ಕೋಳಿಯ ಎದೆಗಿಂತ ಕಾಲೂ ತೊಡೆಯೂ ಈ ಅಡಿಗೆಗೆ ಒಪ್ಪುತ್ತವೆ. ಹಳೆಯ ಕೋಳಿಯಾದರೆ ಎಳೆಯದಕ್ಕಿಂತ ಬಹಳ ಹೊತ್ತು ಬೇಕು.

ಕಾಳಿನದು ಬೇರೆಯೇ ಕಥೆ. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಹುಳಿ ಇದ್ದಲ್ಲಿ ಪೆಕ್ಟಿನ್ ಸುಲಭವಾಗಿ ಕರಗದು. ಬೇಳೆ ಬೆಂದ ಮೇಲೆಯೇ ಹುಣಿಸೆಹಣ್ಣು ಕಿವುಚಬೇಕೆಂಬುದನ್ನು ನಮ್ಮ ತಾಯಂದಿರು ರಸಾಯನಶಾಸ್ತ್ರದ ನೆರವಿಲ್ಲದೆಯೇ ಬಲ್ಲರು. ಇಲ್ಲಿ ಹುಣಿಸೆಯ ಸ್ಥಾನದಲ್ಲಿ ಟೊಮ್ಯಾಟೊ ಇದೆ, ನಿಯಮ ಅದೇ. ಡಬಲ್ ಬೀನ್ಸ್‌ನಲ್ಲಿ ಇನ್ನೊಂದು ವಿಶೇಷವುಂಟು. ಹಸಿ ಕಾಳಿನಲ್ಲಿ ಲಿನಮರಿನ್ ಎಂಬ ವಸ್ತು ಇರುತ್ತದೆ. ಅದು ಒಡೆದಾಗ ಹೈಡ್ರೊಸಯನಿಕ್ ಆಮ್ಲವೆಂಬ ವಿಷ ಹುಟ್ಟುತ್ತದೆ. ಬಳಕೆಯ ತಳಿಗಳಲ್ಲಿ ಇದರ ಪ್ರಮಾಣ ಅಲ್ಪ. ಆದರೂ ಕಾಳನ್ನು ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೊದಲ ಹತ್ತು ನಿಮಿಷ ಮುಚ್ಚಳವಿಡದೆ ಚೆನ್ನಾಗಿ ಕುದಿಸುವುದು ಕ್ಷೇಮ.

ಈಗ ಒಬ್ಬನ ಪಾಲನ್ನು ಸಿದ್ಧಮಾಡೋಣ. ಎಲುಬಿನೊಡನೆ 200 ಗ್ರಾಂ ತೂಗುವ ಎಳೆಯ ಕೋಳಿಯ ಕಾಲು, ಹಿಂದಿನ ರಾತ್ರಿಯೇ ನೆನೆಹಾಕಿದ ಒಣ ಡಬಲ್ ಬೀನ್ಸ್ 25 ಗ್ರಾಂ, ಆಲೂಗಡ್ಡೆ 100 ಗ್ರಾಂ, ಟೊಮ್ಯಾಟೊ 100 ಗ್ರಾಂ, ಮುಸುಕಿನ ಜೋಳದ ಹಸಿ ಕಾಳು ಒಂದು ಹಿಡಿ, ಅರ್ಧ ಈರುಳ್ಳಿ, ಒಂದು ಚಮಚ ಬೆಣ್ಣೆ ಅಥವಾ ಎಣ್ಣೆ, ಮೆಣಸಿನ ಪುಡಿ, ಉಪ್ಪು. ಪುಟ್ಟ ಪಾತ್ರೆಯಲ್ಲಿ ಬೆಣ್ಣೆ ಕಾಯಿಸಿ, ಈರುಳ್ಳಿಯನ್ನೂ ಕೋಳಿಯನ್ನೂ ಕಂದು ಬಣ್ಣ ಬರುವವರೆಗೆ ಹುರಿಯಿರಿ. ನೀರಿನಲ್ಲಿ ದೊರೆಯದ ಹೆಚ್ಚಿನ ಉಷ್ಣತೆಯಲ್ಲಿ ಸಕ್ಕರೆ ಸಸಾರಜನಕಗಳು ಕೂಡಿ ಹುಟ್ಟಿಸುವ ಪರಿಮಳ ಇದರಿಂದಲೇ ಲಭಿಸುತ್ತದೆ. ಬಳಿಕ ಕಾಳನ್ನೂ 400 ಮಿ.ಲೀ. ನೀರನ್ನೂ ಹಾಕಿ, ಹತ್ತು ನಿಮಿಷ ತೆರೆದೂ ಮತ್ತೆ 35 ನಿಮಿಷ ಮುಚ್ಚಿಯೂ ಸಣ್ಣ ಉರಿಯಲ್ಲಿ ಬೇಯಿಸಿರಿ. ಕಾಳನ್ನು ಬೆರಳಿನಿಂದ ಹಿಸುಕಿ ನೋಡಿ. ಮೆತ್ತಗಾಗದೆ ಮುಂದಕ್ಕೆ ಹೋಗಬೇಡಿ. ಆಮೇಲೆ ಆಲೂಗಡ್ಡೆಯ ಹೋಳು. ಕಾಲು ಗಂಟೆಯ ತರುವಾಯ ಟೊಮ್ಯಾಟೊ ಮತ್ತು ಜೋಳ. ಮತ್ತೆ ಕಾಲು ಗಂಟೆಯಲ್ಲಿ ಕೋಳಿಯನ್ನು ಹೊರತೆಗೆದು, ಎಲುಬು ಬಿಡಿಸಿ, ಮಾಂಸವನ್ನು ಹಿಂದಕ್ಕೆ ಸೇರಿಸಿರಿ. ಪಿಷ್ಟ ಬಿಟ್ಟು ಗಟ್ಟಿಯಾದ ಸ್ಟ್ಯೂ ತಳದಲ್ಲಿ ಬೇಗ ಸೀಯುವುದರಿಂದ ಕೊನೆಯಲ್ಲಿ ಕೈಯಾಡಿಸುತ್ತಿರಬೇಕು. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಆದುದರಿಂದ ಉಪ್ಪಿನ ಹದವನ್ನು ಕೊನೆಯಲ್ಲಿ ನೋಡಿರಿ. ಇದು ಒಬ್ಬನ ಹೊಟ್ಟೆ ತುಂಬುವ ಊಟ. ಶಾಕಾಹಾರಿಗಳು ಕೋಳಿಯನ್ನು ಬಿಟ್ಟು ಕಾಳನ್ನು ಇಮ್ಮಡಿಸಬಹುದು. ಜೋಳದ ಸಸಾರಜನಕದಲ್ಲಿ ಕಡಮೆಯಿರುವ ಲೈಸೀನನ್ನು ಕಾಳು ತುಂಬಿಕೊಡುತ್ತದೆ.

ಇಷ್ಟೆಲ್ಲ ತಾಪತ್ರಯವೇಕೆ, ಎಂಟು ಪಾಲನ್ನೂ ಬೇಯಿಸಿಡೋಣವೆಂದರೆ? ಆವಿಗೆ ಅನ್ವಯಿಸಿದ ಲೆಕ್ಕ ತಣಿಯುವುದಕ್ಕೂ ಅನ್ವಯಿಸುತ್ತದೆ. ಶಾಖವು ಹೊರಮೈಯಿಂದ ಹೊರಡಬೇಕು. ದೊಡ್ಡ ಪಾತ್ರೆಯಲ್ಲಿ ಪ್ರತಿ ಪಾಲಿಗೆ ದೊರೆಯುವ ಹೊರಮೈ ಚಿಕ್ಕದರ ಅರ್ಧದಷ್ಟು ಮಾತ್ರ. ಆದಕಾರಣ ಅದು ತಣಿಯಲು ಕಡೆಯ ಪಕ್ಷ ಎರಡರಷ್ಟು ಹೊತ್ತು ಬೇಕು. ಗಟ್ಟಿಯಾದ ಸ್ಟ್ಯೂವಿನಲ್ಲಿ ಒಳಗಿನದು ಹೊರಕ್ಕೆ ಹರಿದಾಡದ ಕಾರಣ ಇನ್ನೂ ಹೆಚ್ಚು. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಏಕಾಣುಜೀವಿಗೆ ಈ ವಿಳಂಬವೇ ವರ. ಅದರ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಕುದಿತದಿಂದ ಆಮ್ಲಜನಕ ಹೊರಟುಹೋದ ಬೆಚ್ಚನೆಯ ಮಾಂಸರಸವು ಅವಕ್ಕೆ ಬಹಳ ಪ್ರಿಯ. 45 ಡಿಗ್ರಿಯ ಆಸುಪಾಸಿನಲ್ಲಿ, ಅನುಕೂಲವೆಲ್ಲ ಒದಗಿದರೆ, ಅದು ಹತ್ತು ನಿಮಿಷಕ್ಕೊಮ್ಮೆ ಎರಡಾಗಬಲ್ಲದು.

ಈ ಅಪಾಯದ ಉಷ್ಣತೆಗಳನ್ನು ದಾಟಲು ಚಿಕ್ಕ ಪಾತ್ರೆಗೆ ಒಂದೂವರೆ ಗಂಟೆ, ದೊಡ್ಡದಕ್ಕೆ ಮೂರು ಗಂಟೆ ಹಿಡಿಯಿತೆನ್ನೋಣ. ಮೊದಲನೆಯದರಲ್ಲಿ ಒಂಬತ್ತು ಸಲ ಇಮ್ಮಡಿ: ಒಂದು ಜೀವಿ 512 ಆದೀತು. ಎರಡನೆಯದರಲ್ಲಿ ಹದಿನೆಂಟು ಸಲ: ಅದೇ ಒಂದು ಜೀವಿ 2,62,144 ಆದೀತು! ಹೊತ್ತು ಆದುದು ಎರಡರಷ್ಟು. ಜೀವಿಗಳು ಆದುದು ಐನೂರಹನ್ನೆರಡು ಪಟ್ಟು. ಒಂದು ಗ್ರಾಂ ಆಹಾರದಲ್ಲಿ ಇವು ಹತ್ತು ಲಕ್ಷದಷ್ಟಾದರೆ, ಉಂಡ ಕೆಲವು ಗಂಟೆಗಳಲ್ಲಿ ಹೊಟ್ಟೆನುಲಿತವೂ ಭೇದಿಯೂ ತೊಡಗುತ್ತವೆ. ಪರೀಕ್ಷೆಯ ಹಿಂದಿನ ದಿನ ಇದು ಸಂಭವಿಸಿದರೆ ಏನಾದೀತೆಂದು ವಿವರಿಸಬೇಕಾಗಿಲ್ಲ.

ಆದುದರಿಂದ ಹೆಚ್ಚಾಗಿ ಮಾಡಲೇಬೇಕಾಗಿ ಬಂದರೆ, ಮಿಕ್ಕುದನ್ನು ಬಿಸಿಯಿರುವಾಗಲೇ ಅಗಲವಾದ ತಟ್ಟೆಪಾತ್ರೆಗಳಿಗೆ ತೆಳುವಾಗಿ ಹಂಚಿ, ಅವುಗಳನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಬೇಕು. ಅಮೆರಿಕದ ಆಹಾರ ನಿಯಮಾವಳಿ ಉಪಾಹಾರಗೃಹಗಳಿಗೆ ವಿಧಿಸುವುದೂ ಇದನ್ನೇ: ಬೆಂದ ಆಹಾರವನ್ನು 57 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೂ, ಅಲ್ಲಿಂದ 5 ಡಿಗ್ರಿಗೆ ಮತ್ತೆ ನಾಲ್ಕು ಗಂಟೆಯೊಳಗೂ ಇಳಿಸಬೇಕು. ರೆಫ್ರಿಜರೇಟರ್ ಇಲ್ಲದ ಕೋಣೆಯಲ್ಲಿ ಎರಡನೆಯ ಹೆಜ್ಜೆ ಅಸಾಧ್ಯ. ಅಂತಹವರು ಅಂದಿನದನ್ನು ಅಂದೇ ಬೇಯಿಸಿ ಉಣ್ಣುವುದೇ ಲೇಸು. ಇಟ್ಟುದನ್ನು ಮತ್ತೆ ಉಣ್ಣುವಾಗ ಚೆನ್ನಾಗಿ ಕುದಿಸಬೇಕೆಂಬುದು ನಿಜ. ಆದರೆ ಬೇರೆ ಕೆಲವು ಜೀವಿಗಳು ಬಿಟ್ಟುಹೋದ ವಿಷಗಳು ಕುದಿಸಿದರೂ ನಾಶವಾಗವು.

ಹೀಗೆ ಒಂದು ಅಡಿಗೆಯಲ್ಲಿ ಮೂರು ಬಗೆಯ ರಾಶಿಗಳನ್ನು ಕಂಡೆವು. ಕೋಳಿ, ಕಾಳು, ತರಕಾರಿ, ಉಪ್ಪುಗಳು ಘನಫಲವನ್ನು ಅನುಸರಿಸುತ್ತವೆ. ಅವನ್ನು ಎಂಟರಿಂದ ಭಾಗಿಸಬಹುದು. ಆವಿಯಾಗುವ ನೀರೂ ಹೊರಹೋಗುವ ಶಾಖವೂ ಮೇಲ್ಮೈಯನ್ನು ಅನುಸರಿಸುತ್ತವೆ. ಅವನ್ನು ನಾಲ್ಕರಿಂದ ಭಾಗಿಸಬೇಕು. ಬೇಯುವ ಹೊತ್ತು ಮತ್ತು ಉಷ್ಣತೆಗಳನ್ನು ಯಾವುದರಿಂದಲೂ ಭಾಗಿಸಲಾಗದು. ನಿಮ್ಮ ಪ್ರಯೋಗಶಾಲೆಯಲ್ಲಿ ಒಂದು ಉಷ್ಣಮಾಪಕವಿದ್ದರೆ, ಒಂದೇ ಆಕಾರದ ದೊಡ್ಡ ಚಿಕ್ಕ ಪಾತ್ರೆಗಳೆರಡರಲ್ಲಿ ಗಂಜಿಯನ್ನು ತುಂಬಿ, ಐದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಗುರುತಿಸಿ ನೋಡಿರಿ. ಅಡಿಗೆ ಹೊತ್ತಿಸುವ ಮುನ್ನವೇ ಪಾಠ ತಿಳಿದುಹೋಗುತ್ತದೆ.