ಅನಿಶ್ಚಿತತೆಗೆ ಲೆಕ್ಕವಿಟ್ಟ ಜೂಡಿಯಾ ಪರ್ಲ್

ರೋಗಪರೀಕ್ಷೆಯ ವರದಿಯಲ್ಲಿ ‘ಪಾಸಿಟಿವ್’ ಎಂಬ ಪದವನ್ನು ಕಂಡೊಡನೆ ಮನೆಮಂದಿಯೆಲ್ಲ ಕಂಗಾಲಾಗುವುದು ಸರ್ವೇಸಾಮಾನ್ಯ. ಆದರೆ ಆ ಪದವು ತೀರ್ಪಲ್ಲ. ಅದೊಂದು ಸಾಕ್ಷ್ಯ ಮಾತ್ರ. ಸಾಕ್ಷ್ಯವನ್ನು ತೂಗಿ ನೋಡುವ ವಿವೇಕವನ್ನು ಗಣಕಯಂತ್ರಕ್ಕೆ ಕಲಿಸಿದವರಲ್ಲಿ ಅಗ್ರಗಣ್ಯರು, ತತ್ತ್ವಚಿಂತಕರೂ ಗಣಕವಿಜ್ಞಾನಿಯೂ ಆದ ಜೂಡಿಯಾ ಪರ್ಲ್.

1936ರಲ್ಲಿ ಟೆಲ್ ಅವೀವ್‌ನಲ್ಲಿ ಜನಿಸಿದ ಪರ್ಲ್, 1960ರಲ್ಲಿ ಹೈಫಾದ ಟೆಕ್ನಿಯಾನ್ ಸಂಸ್ಥೆಯ ಎಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು; 1965ರಲ್ಲಿ ಬ್ರೂಕ್ಲಿನ್‌ನಲ್ಲಿ ಡಾಕ್ಟರೇಟ್ ಗಳಿಸಿದರು. ಅವರು ದುಡಿಯುತ್ತಿದ್ದುದು ಗಣಕದ ಸ್ಮೃತಿಸಾಧನಗಳ ಕ್ಷೇತ್ರದಲ್ಲಿ. ಅರೆವಾಹಕಗಳು ಬಂದು ಆ ವಿದ್ಯೆಯನ್ನು ಮೂಲೆಗೊತ್ತಿದಾಗ ಎದೆಗುಂದದೆ, 1970ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು.

ಆ ದಶಕದಲ್ಲಿ ವೈದ್ಯಕೀಯ ಗಣಕಗಳು ‘ಹೀಗಿದ್ದರೆ ಹಾಗೆ’ ಎಂಬ ನಿಯಮಗಳನ್ನು ಅವಲಂಬಿಸಿದ್ದವು. ಆದರೆ ಜ್ವರಕ್ಕೆ ಕಾರಣ ಒಂದೇ? ಪರ್ಲ್ ಅವರು 18ನೆಯ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ಅವರ ಸಂಭಾವ್ಯತೆಯ ಸೂತ್ರವನ್ನು ಆಧಾರವಾಗಿಟ್ಟುಕೊಂಡು, ರೋಗ ಮತ್ತು ಲಕ್ಷಣಗಳನ್ನು ಬಲೆಯಂತೆ ಹೆಣೆದರು. ಹೊಸ ಸಾಕ್ಷ್ಯ ಬಂದಂತೆಲ್ಲ ನಂಬಿಕೆಯ ಪ್ರಮಾಣವನ್ನು ತಿದ್ದಿಕೊಳ್ಳುವ ಈ ಹೆಣಿಗೆಗೆ 1985ರಲ್ಲಿ ‘ಬೇಯ್ಸಿಯನ್ ಜಾಲ’ವೆಂದು ಹೆಸರಿಟ್ಟರು. 1988ರಲ್ಲಿ ಅವರ ಮಹತ್ವದ ಗ್ರಂಥ ಹೊರಬಂದಿತು.

ಈ ಲೆಕ್ಕದ ಮರ್ಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಸಾವಿರ ಜನರಲ್ಲಿ 10 ಮಂದಿಗೆ ಒಂದು ರೋಗವಿದೆಯೆನ್ನೋಣ. ಪರೀಕ್ಷೆಯು ಅವರಲ್ಲಿ 9 ಮಂದಿಯನ್ನು ಗುರುತಿಸುತ್ತದೆ. ಆರೋಗ್ಯವಂತರಾದ 990 ಮಂದಿಯಲ್ಲಿ ನೂರಕ್ಕೆ 10ರಂತೆ 99 ಮಂದಿಗೂ ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ. ಒಟ್ಟು 108 ಮಂದಿಯಲ್ಲಿ ನಿಜವಾದ ರೋಗಿಗಳು ಕೇವಲ 9; ಅಂದರೆ ಹನ್ನೆರಡರಲ್ಲಿ ಒಬ್ಬರು!

ಪರ್ಲ್ ಇಲ್ಲಿಗೇ ನಿಲ್ಲಲಿಲ್ಲ. ಜೊತೆಯಲ್ಲಿ ಕಾಣುವುದೆಲ್ಲ ಕಾರಣವಲ್ಲವಷ್ಟೆ. ಕೊಡೆಗಳ ಮಾರಾಟ ಏರಿದಾಗ ಮಲೇರಿಯವೂ ಏರಬಹುದು. ಹಾಗೆಂದು ಕೊಡೆ ರೋಗಕಾರಕವಲ್ಲ, ಎರಡರ ಹಿಂದೆಯೂ ಮಳೆಯಿದೆ. ಕಾರ್ಯಕಾರಣಗಳ ಈ ವಿವೇಚನೆಗೆ ಗಣಿತದ ಭಾಷೆಯನ್ನು ಒದಗಿಸಿದ ಅವರ ಗ್ರಂಥವು 2000ದಲ್ಲಿ ಪ್ರಕಟವಾಯಿತು. 2011ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆಸಿದ ಸಂಸಾರಗಳಿಗೆ ಬಂಧುಗಳಿಗಿಂತ ಮೊದಲು ಪ್ರಯೋಗಾಲಯದ ವರದಿಯೇ ಮನೆಗೆ ಬರುವುದುಂಟು. ಅಂಥ ವೇಳೆಯಲ್ಲಿ ಭಯವೂ ಸಲ್ಲದು, ಉದಾಸೀನವೂ ಸಲ್ಲದು. ವರದಿಯನ್ನು ವೈದ್ಯರ ಮುಂದಿರಿಸಿ, ‘ಇದನ್ನು ದೃಢಪಡಿಸಲು ಮತ್ತೊಂದು ಪರೀಕ್ಷೆ ಬೇಕೇ?’ ಎಂದು ಕೇಳುವುದೇ ಜಾಣತನ. ಪರ್ಲ್ ಅವರ ಸಾಧನೆಯಿಂದ ಸಾಮಾನ್ಯರು ಪಡೆಯಬಹುದಾದ ಪಾಠವೂ ಅದೇ.