ಬ್ಯಾಂಕಿನ ಬೋರ್ಡ್ ಬದಲಾಯ್ತು, ನಿದ್ದೆ ಯಾಕೆ ಹೋಯ್ತು?

"ನಮ್ ಬ್ರಾಂಚ್ ಇರುತ್ತೋ, ಮುಚ್ತಾರೋ... ಟ್ರಾನ್ಸ್‌ಫರ್ ಎಲ್ಲಿಗೆ ಹಾಕ್ತಾರೋ..." ವಿಲೀನದ ಸುದ್ದಿ ಬಂತೆಂದರೆ ಸಾಕು, ಬ್ಯಾಂಕ್ ಉದ್ಯೋಗಿಗಳ ಬಾಯಲ್ಲಿ ಇದೇ ಮಾತು.

ನಮ್ಮ ಜಿಲ್ಲೆಗೆ ವಿಲೀನ ಹೊಸದೇನಲ್ಲ. ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆ 1998ರಲ್ಲಿ ಸೇಲ್ ಜೊತೆ ವಿಲೀನವಾಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಭಾರತೀಯ ಸ್ಟೇಟ್ ಬ್ಯಾಂಕಿಗೆ ಸೇರಿತು. ಶಿವಮೊಗ್ಗದ ಸಹ್ಯಾದ್ರಿ ಗ್ರಾಮೀಣ ಬ್ಯಾಂಕಿನ ಕತೆಯಂತೂ ಕೇಳಲೇಬೇಡಿ! 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಪ್ರಧಾನ ಕಚೇರಿ ಬಳ್ಳಾರಿಯಲ್ಲಿ.

ಸರ್ಕಾರಿ ಬ್ಯಾಂಕುಗಳು ವಿಲೀನವಾದಾಗ ಸಿಬ್ಬಂದಿ ಸಾಮಾನ್ಯವಾಗಿ ಹೊಸ ಬ್ಯಾಂಕಿನ ನೌಕರರಾಗಿಯೇ ಮುಂದುವರಿಯುತ್ತಾರೆ. ಹಾಗಿದ್ದರೂ ಟೆನ್ಷನ್ ಯಾಕೆ? ಸೀನಿಯಾರಿಟಿ ಏನಾಗುತ್ತೋ, ಹೊಸ ಸಾಫ್ಟ್‌ವೇರ್ ಹೇಗೋ, ಯಾವ ಊರೋ ಎಂಬ ಗೊಂದಲ. ಕೌಂಟರಿನಲ್ಲಿ ಗ್ರಾಹಕರ ಸಿಟ್ಟು ಬೇರೆ. ಮನೆಗೆ ಬಂದರೆ ಮಕ್ಕಳ ಪರೀಕ್ಷೆ, ಅತ್ತೆಯ ಮಾತ್ರೆ. ನಿಜ ಹೇಳಬೇಕೆಂದರೆ, ಕೆಲಸಕ್ಕಿಂತ ಹೆಚ್ಚು ದಣಿಸುವುದು 'ಏನಾಗುತ್ತೋ' ಎಂಬ ಅನಿಶ್ಚಿತತೆ. ಹಾಗಾದರೆ ಏನು ಮಾಡಬೇಕು?

* ಗಾಳಿಸುದ್ದಿ ನಂಬಬೇಡಿ. ನಿಮ್ಮ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಮೇಲಧಿಕಾರಿಗಳನ್ನೋ, ಯೂನಿಯನ್ನಿನವರನ್ನೋ ನೇರವಾಗಿ ಕೇಳಿ.

* ಸೇವಾ ದಾಖಲೆ, ರಜೆ ಲೆಕ್ಕ, ಪಿ.ಎಫ್. ನಾಮಿನಿ ಸರಿಯಿದೆಯೇ ನೋಡಿ, ಪ್ರತಿ ಇಟ್ಟುಕೊಳ್ಳಿ.

* ವರ್ಗಾವಣೆಯ ಭಯವೇ? ಮಹಿಳಾ ಉದ್ಯೋಗಿಗಳನ್ನು ಸಾಧ್ಯವಾದಷ್ಟು ಪತಿ ಇರುವ ಊರಿನಲ್ಲಿ, ಅವಿವಾಹಿತರಾದರೆ ಹೆತ್ತವರ ಊರಿನಲ್ಲಿ ಅಥವಾ ಅದರ ಹತ್ತಿರ ನೇಮಿಸಬೇಕೆಂದು ಹಣಕಾಸು ಸಚಿವಾಲಯ 2014ರಲ್ಲೇ ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿದೆ. ಬಾಯಿಮಾತಲ್ಲಿ ಬಿಡದೆ ಲಿಖಿತವಾಗಿ ಅರ್ಜಿ ಕೊಡಿ.

* ಹೊಸ ಸಾಫ್ಟ್‌ವೇರ್ ಬರದಿದ್ದರೆ ನಾಚಿಕೆ ಬೇಡ. ಪಕ್ಕದ ಸೀಟಿನ ಹುಡುಗಿ ನಿಮಗಿಂತ ಚಿಕ್ಕವಳಾದರೇನು, ಕೇಳಿ ಕಲಿಯಿರಿ.

* ಬೇಸರದಲ್ಲಿ ರಾಜೀನಾಮೆ ಬರೆಯಬೇಡಿ. 2017ರ ವಿಲೀನದ ಹೊತ್ತಿಗೆ ಸ್ವಯಂ ನಿವೃತ್ತಿಯ ಅವಕಾಶವೂ ಇತ್ತು. ಅಂಥದ್ದು ಬಂದರೆ ಪಿಂಚಣಿ, ಪಿ.ಎಫ್., ಮನೆ ಸಾಲದ ಕಂತು ಎಲ್ಲವನ್ನೂ ಲೆಕ್ಕ ಹಾಕಿ, ಮನೆಯವರ ಜೊತೆ ಕೂತು ತೀರ್ಮಾನಿಸಿ.

* ಎರಡು ವಾರ ಕಳೆದರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತೆ ಅಂದರೆ ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮನೆಯವರಿಗೊಂದು ಮಾತು. "ಅಷ್ಟು ಕಷ್ಟ ಆದ್ರೆ ಕೆಲಸ ಬಿಟ್ಬಿಡು" ಅನ್ನುವುದು ಸುಲಭ. ಅದರ ಬದಲು ಸಂಜೆಯ ಅಡುಗೆ, ಮಕ್ಕಳ ಹೋಂವರ್ಕ್ ಕೆಲವು ತಿಂಗಳು ನೀವು ವಹಿಸಿಕೊಳ್ಳಿ. ಅವಳ ಸಂಬಳ ಎಲ್ಲರಿಗೂ ಬೇಕು, ಟೆನ್ಷನ್ ಮಾತ್ರ ಅವಳೊಬ್ಬಳಿಗೇ ಯಾಕೆ?